ಬೈಕಿನ ಫಾಗ್ ಲೈಟ್ ಕಿಟ್: ದೀಪ ಪಾಸು, ಜೊತೆಗೆ ಬರುವ ವೈರಿಂಗ್ ಫೇಲು

ಕಂಪನಿ ಹೆಸರಿನ ದುಬಾರಿ ದೀಪಗಳ ವಿಮರ್ಶೆ ಇದಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲೋ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ, ಆನ್‌ಲೈನ್‌ನಲ್ಲೋ ಜೋಡಿಗೆ ಸಾವಿರದೈನೂರರ ಆಸುಪಾಸಿಗೆ ಸಿಗುವ ಅಲ್ಯೂಮಿನಿಯಂ ಮೈಯ, ನಾಲ್ಕು ಎಲ್‌ಇಡಿಯ ದೀಪಗಳ ಬಗ್ಗೆ ಈ ಮಾತು. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಎರಡು ದೀಪ, ಎರಡು ಕ್ಲಾಂಪು, ಒಂದು ಹ್ಯಾಂಡಲ್ ಸ್ವಿಚ್ಚು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಮತ್ತು ಫ್ಯೂಸು ಸೇರಿಸಿ ಕಟ್ಟಿದ ಒಂದು ವೈರಿಂಗ್.

ಮೊದಲೇ ಹೇಳಿಬಿಡುವುದಾದರೆ, ಕೊಟ್ಟ ದುಡ್ಡಿಗೆ ದೀಪ ಮೋಸವಿಲ್ಲ. ಜೊತೆಗೆ ಬರುವ ವೈರಿಂಗನ್ನು ಇದ್ದ ಹಾಗೇ ಹಾಕಿಸಿಕೊಳ್ಳುವುದು ಮಾತ್ರ ಬೇಡ. ಅಂಗಡಿಯಲ್ಲಿ ಫಿಟ್ಟಿಂಗ್ ಮಾಡಿಸುವವರು ಎದುರಿಗೇ ನಿಂತು ಮೂರ್ನಾಲ್ಕು ವಿಷಯ ಕೇಳಿ ಮಾಡಿಸಬೇಕು.

ದೀಪ ಯಾಕೆ ಬೇಕು ಅನ್ನುವುದು ಮುಂಚೆ ತೀರ್ಮಾನವಾಗಲಿ. ಬೆಳಗಿನ ಜಾವ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ರೈತರಿಗೆ ಬೇಕಾದದ್ದು ರಸ್ತೆ ಅಂಚಿನ ಗುಂಡಿ, ಅಡ್ಡ ಬರುವ ನಾಯಿ, ಹಿಂದೆ ಕೆಂಪು ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್ ಕಾಣುವಂಥ ಬೆಳಕು. ನಂದಿಬೆಟ್ಟ ಹತ್ತುವವರ ತೊಂದರೆ ಬೇರೆ. ಅಲ್ಲಿ ಕತ್ತಲೆಗಿಂತ ಮಂಜು ಕಾಡುತ್ತದೆ. ದೂರಕ್ಕೆ ಹೊಡೆಯುವ ಸಣ್ಣ, ಚೂಪು ಬೆಳಕು ಮಂಜಿನಲ್ಲಿ ತಿರುಗಿ ಕಣ್ಣಿಗೇ ಬಡಿಯುತ್ತದೆ, ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಮಂಜಿಗೆ ಬೇಕಾದದ್ದು ಕೆಳಗೆ ಕೂರಿಸಿದ, ಅಗಲಕ್ಕೆ ಹರಡುವ, ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಕತ್ತರಿಸಿದ ಬೆಳಕು.

ಈ ಕಿಟ್‌ಗಳಲ್ಲಿ ಹೆಚ್ಚಿನವುಗಳ ಲೆನ್ಸ್ ಸ್ಪಾಟ್ ಜಾತಿಯದು, ಅಂದರೆ ದೂರಕ್ಕೆ ಹೋಗುವಂಥದ್ದು. ಡಬ್ಬಿಯ ಮೇಲೆ ‘ಫಾಗ್’ ಅಂತ ಬರೆದಿದ್ದರೂ ಅದು ಫಾಗ್ ಲೈಟ್ ಆಗುವುದಿಲ್ಲ. ಕೊಳ್ಳುವಾಗ ಅಂಗಡಿಯವರಿಂದ 12 ವೋಲ್ಟ್ ಬ್ಯಾಟರಿಗೆ ಹಿಡಿಸಿ, ಎದುರು ಗೋಡೆಯ ಮೇಲೆ ಬೆಳಕಿನ ಆಕಾರ ನೋಡಿ. ಮಧ್ಯೆ ಒಂದು ಬಿಳಿ ಬಟ್ಟು, ಸುತ್ತ ಮಸುಕು ಬಂದರೆ ಸ್ಪಾಟ್. ಅಡ್ಡಕ್ಕೆ ಪಟ್ಟಿಯ ಹಾಗೆ ಹರಡಿದರೆ ಮಂಜಿಗೆ ಒದಗುತ್ತದೆ.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವ ಮಾತು ಎಲ್ಲ ಅಂಗಡಿಗಳಲ್ಲೂ ಕೇಳಿಬರುತ್ತದೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ತುಂಬಾ ದೊಡ್ಡದು. ಹಾಗಾಗಿ ಎಲ್ಲ ಬಣ್ಣವೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಥರ ಚದುರುತ್ತದೆ. ನೀಲಿ ಅಂಶ ಕಡಿಮೆ ಇರುವುದರಿಂದ ಹಳದಿ ಕಣ್ಣಿಗೆ ಹಿತ, ಅಷ್ಟೇ. ತಪ್ಪಾದ ಲೆನ್ಸಿಗೆ ಹಳದಿ ಬಣ್ಣ ಮದ್ದಲ್ಲ.

ಈಗ ವಾಟಿನ ವಿಷಯ. ದೀಪದ ಮೇಲೆ 40 ವಾಟ್ ಅಂತ ಅಚ್ಚು ಹಾಕಿರುತ್ತಾರೆ. ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ದೀಪದ ಪಾಸಿಟಿವ್ ತಂತಿಯ ಸಾಲಿನಲ್ಲಿ ಸೇರಿಸಿ ಅಳೆದರೆ ಇಂಥ ದೀಪ ಒಂದಕ್ಕೆ 1.2ರಿಂದ 1.5 ಆಂಪಿಯರ್, ಅಂದರೆ 15ರಿಂದ 20 ವಾಟ್ ತೋರಿಸುವುದೇ ಹೆಚ್ಚು. ಬೇಸರಪಡಬೇಕಾಗಿಲ್ಲ, ಅಷ್ಟು ಬೆಳಕು ನಮ್ಮ ರಸ್ತೆಗಳಿಗೆ ಸಾಕು. ಬೈಕಿಗೂ ಅದೇ ಒಳ್ಳೆಯದು. ಸ್ಪ್ಲೆಂಡರ್ ಪ್ಲಸ್‌ನ ಬ್ಯಾಟರಿ 3 ಆಂಪ್-ಅವರ್, ಹೆಡ್‌ಲೈಟ್ ಬಲ್ಬು 35 ವಾಟ್. ಅಂಥ ಬೈಕಿಗೆ ನಿಜವಾದ 80 ವಾಟ್ ಹೊರಿಸಿದರೆ ಚಾರ್ಜಿಂಗ್ ತಡೆಯುವುದಿಲ್ಲ. 8 ಆಂಪ್-ಅವರ್ ಬ್ಯಾಟರಿ ಇರುವ ಕ್ಲಾಸಿಕ್ 350, ಹಿಮಾಲಯನ್ ಥರದ ಬೈಕುಗಳಿಗೆ ಈ ಜೋಡಿ ಭಾರವೇ ಅಲ್ಲ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟಿಗಿಂತ ಮೇಲಿರಬೇಕು. ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ, ಹೆಡ್‌ಲೈಟ್ ಮತ್ತು ಹೊಸ ದೀಪ ಎಲ್ಲ ಹಾಕಿದ ಮೇಲೂ 13.2 ವೋಲ್ಟಾದರೂ ಉಳಿಯಬೇಕು. 12.8ಕ್ಕಿಂತ ಕೆಳಗಿಳಿದರೆ ಬೈಕು ಬ್ಯಾಟರಿಯನ್ನು ತಿಂದುಕೊಂಡೇ ಓಡುತ್ತಿದೆ ಎಂದರ್ಥ. ಆಗ ಒಂದೇ ದೀಪ ಹಾಕಿಸಿ.

ಇನ್ನು ಡಬ್ಬಿಯ ವೈರಿಂಗ್. ತಂತಿಯ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಹೊರಗೆ ಬಿಳಿ, ಒಳಗೆ ಕೆಂಪಾದರೆ ತವರದ ಲೇಪದ ಒಳ್ಳೆಯ ತಾಮ್ರ. ಮೊದಲನೆಯದು ನಾಲ್ಕು ಸಲ ಬಗ್ಗಿಸಿದರೆ ತುಂಡಾಗುತ್ತದೆ, ಕ್ರಿಂಪ್ ಮಾಡಿದ, ಅಂದರೆ ಲೋಹದ ತುದಿಗೆ ಅದುಮಿ ಕಚ್ಚಿಸಿದ ಕಡೆ ಸಡಿಲವಾಗಿ ಬಿಸಿಯಾಗುತ್ತದೆ. ಈ ಬೆಲೆಯ ಕಿಟ್‌ಗಳಲ್ಲಿ ಹೆಚ್ಚಾಗಿ ಸಿಗುವುದೂ ಅದೇ. ಪ್ಲಾಸ್ಟಿಕ್ ಹೊದಿಕೆ ದಪ್ಪ, ಒಳಗಿನ ಎಳೆ ತೆಳು, ಕೈಗೆ ದಪ್ಪ ತಂತಿ ಸಿಕ್ಕಿದ ಭ್ರಮೆ.

ಅದಕ್ಕಿಂತ ಅಪಾಯದ್ದು ಫ್ಯೂಸು. ಹೋಲ್ಡರ್ ತೆಗೆದು ನೋಡಿದರೆ 15, 20, ಕೆಲವೊಮ್ಮೆ 30 ಆಂಪಿಯರ್ ಫ್ಯೂಸು ಕೂತಿರುತ್ತದೆ. ಎರಡೂ ದೀಪ ಸೇರಿ ಎಳೆಯುವುದು 3 ಆಂಪಿಯರಿನ ಒಳಗೆ. ಟ್ಯಾಂಕಿನ ಕೆಳಗೆಲ್ಲೋ ತಂತಿ ಉಜ್ಜಿ ಶಾರ್ಟ್ ಆದರೆ 30ರ ಫ್ಯೂಸು ಹಾರುವ ಮುಂಚೆ ಆ ತೆಳು ತಂತಿಯೇ ಕೆಂಪಗಾಗಿ ಉರಿಯುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಹಾಕಬೇಕಾದದ್ದು 5 ಆಂಪಿಯರಿನ ಬ್ಲೇಡ್ ಫ್ಯೂಸು. ನಿಜವಾದ 40 ವಾಟಿನ ಜೋಡಿಯಾದರೆ 10. ಫ್ಯೂಸಿನ ಜಾಗ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ. ದೀಪದ ಹತ್ತಿರ ಕೂರಿಸಿದ ಫ್ಯೂಸು ದೀಪವನ್ನು ಮಾತ್ರ ಕಾಯುತ್ತದೆ, ಅದಕ್ಕೂ ಹಿಂದಿನ ಉದ್ದ ತಂತಿಗೆ ದಿಕ್ಕಿಲ್ಲ.

ಬದಲಿಗೆ ಬೇಕಾದ ಸಾಮಾನು ದೊಡ್ಡ ಖರ್ಚಿನದಲ್ಲ: 1 ಚದರ ಮಿಲಿಮೀಟರಿನ ಆಟೋ ವೈರ್, ಕೆಂಪು ಮತ್ತು ಕಪ್ಪು ತಲಾ 3 ಮೀಟರ್, ಸ್ವಿಚ್ಚಿಗೆ 0.5ರ ಬೇರೆ ಬಣ್ಣದ್ದು 2 ಮೀಟರ್. ಬಾಷ್ ಅಥವಾ ಹೆಲ್ಲಾ ಥರದ ಕಂಪನಿಯ 12 ವೋಲ್ಟ್ 30 ಆಂಪಿಯರ್ ನಾಲ್ಕು ಪಿನ್ನಿನ ರಿಲೇ, ಅದರ ಸಾಕೆಟ್ಟು. ಮುಚ್ಚಳವಿರುವ ಫ್ಯೂಸ್ ಹೋಲ್ಡರ್. ಬ್ಯಾಟರಿಗೆ ಎರಡು ಉಂಗುರದ ಥಿಂಬಲ್. ಹೀಟ್ ಶ್ರಿಂಕ್ ಟ್ಯೂಬು. ಏಣಿನ ಕಪ್ಪು ಸ್ಲೀವು. ಹತ್ತಿಪ್ಪತ್ತು ಕೇಬಲ್ ಟೈ. ಪಿವಿಸಿ ಟೇಪು ಸುತ್ತಿ ಮುಗಿಸುವ ಕೆಲಸ ನಮ್ಮ ಬೇಸಿಗೆಯಲ್ಲಿ ನಿಲ್ಲುವುದಿಲ್ಲ. ಅಂಟು ಕರಗಿ ಟೇಪು ಬಿಚ್ಚಿಕೊಂಡು, ಆ ಅಂಟಿಗೆ ಧೂಳು ಮೆತ್ತಿಕೊಳ್ಳುತ್ತದೆ.

ರಿಲೇಯ ನಾಲ್ಕು ಪಿನ್ನಿನ ಸಂಖ್ಯೆ ಅದರ ಬುಡದಲ್ಲೇ ಅಚ್ಚಾಗಿರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸು ದಾಟಿ ಬಂದ ಕೆಂಪು ತಂತಿ. 87ರಿಂದ ಎರಡೂ ದೀಪದ ಪಾಸಿಟಿವ್‌ಗೆ. 86ಕ್ಕೆ ಕೀ ಹಾಕಿದಾಗ ಮಾತ್ರ ಕರೆಂಟು ಬರುವ ಒಂದು ಲೈನು. 85ರಿಂದ ಹ್ಯಾಂಡಲ್ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಅರ್ಥಿಗೆ. ಸ್ವಿಚ್ಚನ್ನು ಅರ್ಥ್ ಕಡೆ ಇಡುವುದರಲ್ಲಿ ಒಂದು ಅನುಕೂಲವಿದೆ: ಹ್ಯಾಂಡಲ್ ತಿರುಗಿ ತಿರುಗಿ ಆ ತಂತಿ ಸವೆದು ಬಾಡಿಗೆ ತಗುಲಿದರೂ ದೀಪ ತಾನೇ ಹತ್ತಿಕೊಳ್ಳುತ್ತದೆಯೇ ಹೊರತು ಶಾರ್ಟ್ ಆಗುವುದಿಲ್ಲ. ರಿಲೇಯ ಕಾಯಿಲ್ ಎಳೆಯುವುದು 0.15 ಆಂಪಿಯರಿನಷ್ಟು. ಹಾಗಾಗಿ ಕಿಟ್‌ನ ಅಗ್ಗದ ಸ್ವಿಚ್ಚು ಇದಕ್ಕೆ ಸಾಕು. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಆದರೆ 86 ಪಾಸಿಟಿವ್, 85 ನೆಗೆಟಿವ್, ಅದಲುಬದಲು ಮಾಡುವಂತಿಲ್ಲ.

ಐದು ಪಿನ್ನಿನ ರಿಲೇ ಕೊಟ್ಟರೆ ನಡುವಿನ ಪಿನ್ನಿನ ಮೇಲೆ 87ಎ ಎಂದಿದೆಯೇ ನೋಡಿಕೊಳ್ಳಿ. ರಿಲೇ ಸುಮ್ಮನಿದ್ದಾಗ 30ರ ಕರೆಂಟು ಹೋಗುವುದು ಅದಕ್ಕೇ. ದೀಪದ ತಂತಿ ಅಲ್ಲಿ ಕೂತರೆ ಕೀ ತೆಗೆದ ಮೇಲೆ ದೀಪ ಹತ್ತುತ್ತದೆ. ರಾತ್ರಿ ಹೀಗೇ ಬಿಟ್ಟರೆ ಬೆಳಿಗ್ಗೆ ಸೆಲ್ಫ್ ಟಿಕ್ ಟಿಕ್ ಅನ್ನುತ್ತದೆ ಅಷ್ಟೆ.

86ರ ಲೈನನ್ನು ಎಲ್ಲಿಂದ ಎತ್ತಬೇಕು ಅನ್ನುವುದರಲ್ಲೇ ಹೆಚ್ಚಿನ ಫಿಟ್ಟಿಂಗ್ ಕೆಡುವುದು. ದೂರಕ್ಕೆ ಹೊಡೆಯುವ ದೀಪವಾದರೆ ಹೈ ಬೀಮ್ ತಂತಿಯಿಂದಲೇ ಎತ್ತಿ. ಎದುರು ಗಾಡಿ ಕಂಡು ಡಿಪ್ ಮಾಡಿದ ತಕ್ಷಣ ಇವೂ ಆರುತ್ತವೆ, ಬೇರೆ ಸ್ವಿಚ್ಚು ಹುಡುಕಬೇಕಿಲ್ಲ. ಅಗಲ ಹರಡುವ ಮಂಜಿನ ದೀಪವಾದರೆ ಹಿಂದಿನ ಟೇಲ್ ಲ್ಯಾಂಪಿನ ಅಥವಾ ಹಾರ್ನಿನ ಪಾಸಿಟಿವ್ ಸಾಕು.

2017ರ ಏಪ್ರಿಲ್‌ನಲ್ಲಿ ಹೆಡ್‌ಲೈಟ್ ಸದಾ ಉರಿಯುವ ನಿಯಮ ಬರುವ ಮುಂಚಿನ ಎಷ್ಟೋ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟಿಗೆ ಹೋಗುತ್ತಿದ್ದದ್ದು ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಬರುವ ಎಸಿ ಕರೆಂಟು. ಅಲ್ಲಿಂದ ರಿಲೇಗೆ ಲೈನು ಕೊಟ್ಟರೆ ಅದು ಜೀರುಂಡೆಯ ಹಾಗೆ ಗುರುಗುಟ್ಟುತ್ತದೆ, ದೀಪ ಅದುರುತ್ತದೆ, ಕೆಲವೇ ದಿನದಲ್ಲಿ ಒಳಗಿನ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ರಿಲೇ ಡೂಪ್ಲಿಕೇಟ್ ಅಂತ ಮೂರು ರಿಲೇ ಬದಲಿಸುವವರಿದ್ದಾರೆ. ಅಂಥ ಬೈಕಿನಲ್ಲಿ ಹಾರ್ನ್ ಅಥವಾ ಬ್ರೇಕ್ ಲೈಟಿನ ಸ್ವಿಚ್ಚಿಗೆ ಬರುವ ಡಿಸಿ ಲೈನನ್ನೇ ಹಿಡಿಯಬೇಕು. ಇಂಜೆಕ್ಷನ್ ಬೈಕಿನಲ್ಲಿ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಸೆನ್ಸರ್ ಕಡೆಯ ತಂತಿಗೆ ಕೈ ಹಾಕಲೇಬೇಡಿ. ಕೆಟಿಎಂ 390 ಥರದ ಬೈಕುಗಳಲ್ಲಿ ಹೆಡ್‌ಲೈಟಿನ ಹಿಂದೆ ಇದಕ್ಕೆಂದೇ ಕಂಪನಿ ಬಿಟ್ಟ ಕಪ್ಲರ್ (ತಂತಿ ಸಿಕ್ಕಿಸುವ ಪ್ಲಗ್ಗು) ಇರುತ್ತದೆ. ಕಡಿಯದೆ, ಕೆರೆಯದೆ ಕೆಲಸ ಆಗುತ್ತದೆ.

ಈ ಕಿಟ್‌ಗಳ ದೊಡ್ಡ ತೊಡಕು ಡಬ್ಬಿಯ ಮೇಲೆ ಕಾಣುವುದಿಲ್ಲ. ಬಿಳಿ, ಹಳದಿ, ಮಿಣುಕು ಅಂತ ಮೂರು ಬಗೆಯಲ್ಲಿ ಉರಿಯುವ ದೀಪಗಳಲ್ಲಿ ಬಹಳಷ್ಟಕ್ಕೆ ಎರಡೇ ತಂತಿ. ಒಂದು ಸಲ ಆರಿಸಿ ಹೊತ್ತಿಸಿದರೆ ಬಗೆ ಬದಲಾಗುತ್ತದೆ. ಇದನ್ನು ಹೈ ಬೀಮಿಗೆ ಜೋಡಿಸಿದರೆ ಏನಾಗುತ್ತದೆ ಯೋಚಿಸಿ: ಎದುರು ಲಾರಿಗೆ ಡಿಪ್ ಮಾಡಿ ಮತ್ತೆ ಹೈ ಹಾಕಿದಾಗ ಬಿಳಿ ಹೋಗಿ ಹಳದಿ, ಮುಂದಿನ ಸಲಕ್ಕೆ ರಸ್ತೆ ತುಂಬ ಮಿಣುಕು. ಗೌರಿಬಿದನೂರು ಕಡೆಯ ತಿರುವಿನಲ್ಲಿ ಹೀಗಾದರೆ ಮುಂದಿನ ರಸ್ತೆಯೇ ಕಾಣುವುದಿಲ್ಲ. ಎಡ-ಬಲ ದೀಪಗಳ ತಾಳ ತಪ್ಪಿ ಒಂದು ಹಳದಿ, ಒಂದು ಬಿಳಿ ಉರಿಯುವುದೂ ಇದೆ. ಒಂದೇ ಬಣ್ಣದ ದೀಪ ಕೇಳಿ ತೆಗೆದುಕೊಳ್ಳಿ, ಅಥವಾ ಪ್ರತಿ ಬಣ್ಣಕ್ಕೂ ಬೇರೆ ತಂತಿ ಇರುವ ಮೂರು ತಂತಿಯ ಮಾಡೆಲ್. ಮಿಣುಕಿನ ಬಗೆ ರಸ್ತೆಗೆ ಬೇಡವೇ ಬೇಡ.

ಕೂರಿಸುವ ಜಾಗಕ್ಕೆ ಬಂದರೆ ನಮ್ಮ ಕಡೆ ಲೆಗ್ ಗಾರ್ಡೇ ರೂಢಿ. ಎತ್ತರ ಕಡಿಮೆ, ಮಂಜಿಗೆ ಒಳ್ಳೆಯದು. ಬೈಕು ಬಿದ್ದರೆ ಮೊದಲ ಏಟು ಅದಕ್ಕೇ ಅನ್ನುವುದು ಬೇರೆ ಮಾತು. ಕೊಳವೆಯ ದಪ್ಪವನ್ನು ಅಳೆದೇ ಕ್ಲಾಂಪು ಕೇಳಬೇಕು. 25 ಮಿಲಿಮೀಟರಿನ ಕ್ಲಾಂಪನ್ನು 22ರ ಕೊಳವೆಗೆ ಹಾಕಿ ಟ್ಯೂಬಿನ ಚೂರು ತುರುಕಿ ಬಿಗಿ ಮಾಡಿದರೆ ಎರಡು ವಾರಕ್ಕೆ ದೀಪ ತಲೆ ತಗ್ಗಿಸುತ್ತದೆ. ಕಿಟ್‌ನ ನಟ್ಟು ಮಾಮೂಲಿ ನಟ್ಟು. ಒಳಗೆ ನೈಲಾನ್ ಉಂಗುರವಿರುವ ಲಾಕ್ ನಟ್ಟಿಗೆ ಬದಲಿಸಿ, ಎನ್‌ಫೀಲ್ಡ್ ಆದರಂತೂ ಕಡ್ಡಾಯ. ಫೋರ್ಕಿಗೆ ಕಟ್ಟಿದ ದೀಪ ಹ್ಯಾಂಡಲ್ ಜೊತೆ ತಿರುಗುವುದರಿಂದ ನಂದಿಯ ಹಿಮ್ಮುರಿ ತಿರುವಿನಲ್ಲಿ ಅನುಕೂಲ. ಆದರೆ ಕುತ್ತಿಗೆಯ ಹತ್ತಿರ ತಂತಿ ದಿನಾ ಬಗ್ಗುತ್ತದೆ. ಅಲ್ಲಿ ಸಡಿಲ ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆಯುವುದಿಲ್ಲ ಎಂದು ನೋಡಿದ ಮೇಲೇ ಕೇಬಲ್ ಟೈ ಬಿಗಿದು ಅದರ ಬಾಲ ಕತ್ತರಿಸಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗಲೂ ಇದೇ ಪರೀಕ್ಷೆ ಮಾಡಿ; ಹ್ಯಾಂಡಲ್ ತಿರುಗಿಸಿದಾಗ ಆರ್‌ಪಿಎಂ ಏರಿದರೆ ಹೊಸ ತಂತಿ ಆಕ್ಸಿಲರೇಟರ್ ಕೇಬಲ್ಲನ್ನು ಒತ್ತುತ್ತಿದೆ.

ಜೋಡಣೆಗೆ ಕ್ರಿಂಪ್ ಮೇಲು. ಬೆಸುಗೆ ಹಾಕಿದ ತಂತಿ ಅದುರುವ ಜಾಗದಲ್ಲಿ ಬೆಸುಗೆ ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ. ಅರ್ಥ್ ತಂತಿಯನ್ನು ಬಣ್ಣ ಬಳಿದ ಫ್ರೇಮಿನ ಬೋಲ್ಟಿಗೆ ಕೊಡುವ ಬದಲು ಬ್ಯಾಟರಿ ನೆಗೆಟಿವ್‌ಗೇ ತನ್ನಿ. ದೀಪ ಮಂಕು, ಇಂಡಿಕೇಟರ್ ಹಾಕಿದಾಗ ಮಿಣಮಿಣ ಅನ್ನುವ ದೂರುಗಳಲ್ಲಿ ಹೆಚ್ಚಿನವು ಕೆಟ್ಟ ಅರ್ಥಿನವು. ರಿಲೇಯನ್ನು ಸೀಟಿನ ಕೆಳಗೆ, ಪಿನ್ನು ನೆಲ ನೋಡುವಂತೆ ತೂಗುಹಾಕಿದರೆ ನೀರು ನಿಲ್ಲುವುದಿಲ್ಲ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ.

ಫಿಟ್ಟಿಂಗ್ ಸೇವೆಯ ಬಗ್ಗೆ. ಆಕ್ಸೆಸರಿ ಅಂಗಡಿಗಳಲ್ಲಿ ಅರ್ಧ ಮುಕ್ಕಾಲು ಗಂಟೆಗೆ ಕೈಗೆ ಕೊಡುತ್ತಾರೆ. ಟ್ಯಾಂಕ್ ಎತ್ತದೆ, ತಂತಿಯನ್ನು ಟ್ಯಾಂಕಿನ ಪಕ್ಕದಿಂದ ತುರುಕಿ ಎಳೆದರೆ ಮಾತ್ರ ಅಷ್ಟು ಬೇಗ ಆಗುತ್ತದೆ. ಅಲ್ಲಿ ನಡೆಯುವ ಮಾತೂ ಹೆಚ್ಚುಕಡಿಮೆ ಒಂದೇ. “ಅಣ್ಣ, ರಿಲೇ ಹಾಕ್ತೀರಾ?” ಅಂದರೆ “ಎಲ್‌ಇಡಿಗೆ ಯಾಕ್ ಸಾರ್ ರಿಲೇ, ಡೈರೆಕ್ಟ್ ಕೊಟ್ರೂ ನಡೀತದೆ” ಅನ್ನುವ ಉತ್ತರ. ಅವರ ಮಾತು ಪೂರ್ತಿ ಸುಳ್ಳಲ್ಲ. 3 ಆಂಪಿಯರನ್ನು ಒಳ್ಳೆಯ ಸ್ವಿಚ್ಚು ತಡೆಯುತ್ತದೆ. ಆದರೆ ಡೈರೆಕ್ಟ್ ಎಂದರೆ ಬ್ಯಾಟರಿಯಿಂದ ನೇರ, ಕೀ ತೆಗೆದರೂ ಲೈವ್. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಬೈಕಿನ ಸ್ವಿಚ್ಚನ್ನು ದಾರಿಹೋಕ ಹುಡುಗ ಒತ್ತಿದರೂ ಬ್ಯಾಟರಿ ಖಾಲಿ. ಮಳೆ ನೀರು ಕುಡಿದ ಸ್ವಿಚ್ಚಿನಲ್ಲಿ 3 ಆಂಪಿಯರ್ ಹರಿಯುವುದಕ್ಕೂ 0.15 ಹರಿಯುವುದಕ್ಕೂ ವ್ಯತ್ಯಾಸವಿದೆ.

ಆಕ್ಸೆಸರಿ ಅಂಗಡಿಗಿಂತ ಟ್ರ್ಯಾಕ್ಟರ್, ಟೆಂಪೋಗಳ ವೈರಿಂಗ್ ಮಾಡುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದು ಮೇಲು. ಕೂಲಿ ಸ್ವಲ್ಪ ಹೆಚ್ಚಾದರೂ ಅವರ ಹತ್ತಿರ ಸರಿಯಾದ ಕ್ರಿಂಪಿಂಗ್ ಪ್ಲೈಯರ್, ಟೆಸ್ಟ್ ಲ್ಯಾಂಪು, ಒಳ್ಳೆಯ ವೈರಿನ ಸುರುಳಿ ಇರುತ್ತದೆ, ಟ್ಯಾಂಕ್ ಬಿಚ್ಚಲು ಬೇಸರಿಸುವುದಿಲ್ಲ. ಸರಿಯಾಗಿ ಮಾಡಿದರೆ ಎರಡರಿಂದ ಮೂರು ಗಂಟೆಯ ಕೆಲಸ. ವಾರಂಟಿಯಲ್ಲಿರುವ ಬೈಕಾದರೆ ಕಂಪನಿಯ ಮೂಲ ತಂತಿಯನ್ನು ಎಲ್ಲೂ ಕತ್ತರಿಸಬೇಡಿ ಎಂದು ಮೊದಲೇ ಹೇಳಿ.

ಬೆಳಕು ಹೊಂದಿಸುವ ಕೆಲಸವನ್ನು ಯಾವ ಅಂಗಡಿಯೂ ಮಾಡಿಕೊಡುವುದಿಲ್ಲ. ಸಮತಟ್ಟು ನೆಲದಲ್ಲಿ ಗೋಡೆಯಿಂದ 7.5 ಮೀಟರ್ ದೂರಕ್ಕೆ ಬೈಕು ನಿಲ್ಲಿಸಿ, ಸ್ಟ್ಯಾಂಡ್ ತೆಗೆದು ಓಡಿಸುವವರು ಕೂತುಕೊಳ್ಳಬೇಕು, ಟಯರ್ ಗಾಳಿ ಸರಿ ಇರಬೇಕು. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಅಗಲ ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗಿರಲಿ. 60 ಸೆಂಟಿಮೀಟರ್ ಎತ್ತರದ ದೀಪವಾದರೆ ಆಗ ಬೆಳಕು ನೆಲ ಮುಟ್ಟುವುದು 45 ಮೀಟರಿನಲ್ಲಿ. ಸ್ಪಾಟ್ ಆದರೆ ನಡುವಿನ ಬಿಳಿ ಬಟ್ಟು 5 ಸೆಂಟಿಮೀಟರ್ ಕೆಳಗೆ. ನಂದಿಯ ದಟ್ಟ ಮಂಜಿಗೇ ಹಾಕಿಸಿದ್ದಾದರೆ 20 ಸೆಂಟಿಮೀಟರಿಗೆ ಇಳಿಸಿ, ಅಲ್ಲಿ 20 ಮೀಟರಿನಾಚೆ ನೋಡಲು ಹೇಗೂ ಆಗುವುದಿಲ್ಲ. ಹಿಂದೆ ಮೂಟೆ ಕಟ್ಟುವವರು ಮೂಟೆ ಕಟ್ಟಿಯೇ ಹೊಂದಿಸಬೇಕು. ಹಿಂದಿನ ಶಾಕ್ ಕುಗ್ಗಿದಷ್ಟೂ ಮುಂದಿನ ದೀಪ ಮೇಲೇಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುವುದು ಆಗಲೇ.

ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಅಳತೆ ಹೀಗಿದೆ: ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟು ನೋಡುವವರಿಗೆ ಕೋರೈಸಬಾರದು. ಬೈಕು ನಿಲ್ಲಿಸಿ ಆ ಜಾಗಕ್ಕೆ ನಡೆದುಹೋಗಿ, ಸ್ವಲ್ಪ ಬಗ್ಗಿ ನೋಡಿದರೆ ತಾನೇ ಗೊತ್ತಾಗುತ್ತದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಕಲಂನಡಿ ಕೇಸು ಹಾಕತೊಡಗಿದ್ದು ನೆನಪಿರಬಹುದು. ಊರೊಳಗೆ ದೀಪ ಆರಿಸಿಕೊಂಡು ಓಡಾಡುವುದು ಕ್ಷೇಮ, ಬೀದಿದೀಪವಿರುವ ಬಿ.ಬಿ. ರಸ್ತೆಯಲ್ಲಿ ಇದರ ಅಗತ್ಯವೂ ಇಲ್ಲ.

ಬಾಳಿಕೆಗೆ ಬಂದರೆ ಅಲ್ಯೂಮಿನಿಯಂ ಮೈ ಗಟ್ಟಿ, ಎಲ್‌ಇಡಿ ಸುಟ್ಟುಹೋಗುವುದು ಕಡಿಮೆ. ಸೋಲುವುದು ಲೆನ್ಸಿನ ಸುತ್ತಲಿನ ರಬ್ಬರ್ ಮತ್ತು ತಂತಿ ಒಳಹೋಗುವ ತೂತು. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಪೈಪನ್ನು ದೀಪದ ಮೂತಿಗೆ ಹಿಡಿಯದಂತೆ ಹೇಳಿ. ಲೆನ್ಸಿನೊಳಗೆ ಸಣ್ಣಗೆ ಆವಿ ಕಟ್ಟಿ, ಹತ್ತು ಹದಿನೈದು ನಿಮಿಷ ಉರಿದ ಮೇಲೆ ಮಾಯವಾದರೆ ಚಿಂತೆಯಿಲ್ಲ. ಹನಿ ಹನಿಯಾಗಿ ತಳದಲ್ಲಿ ನಿಂತರೆ ಬಿಚ್ಚಿ ಒಣಗಿಸಿ, ಅಂಚಿಗೆ ಸಿಲಿಕೋನ್ ಹಚ್ಚಬೇಕು. ಕ್ವಾರಿ ಟಿಪ್ಪರ್‌ಗಳು ಓಡಾಡುವ ರಸ್ತೆಯಲ್ಲಿ ದಿನಾ ತಿರುಗುವವರ ದೀಪದ ಹಿಂಭಾಗದ ರೆಕ್ಕೆಗಳ ನಡುವೆ ಕಲ್ಲಿನ ಪುಡಿ ಮಳೆಗೆ ನೆನೆದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಶಾಖ ಹೊರಹೋಗಲು ಜಾಗವಿಲ್ಲದೆ ದೀಪ ಮಂಕಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷು ಮತ್ತು ನೀರು ಸಾಕು, ತಿಂಗಳಿಗೊಮ್ಮೆ. ಅದೇ ಕೈಯಲ್ಲಿ ಕ್ಲಾಂಪಿನ ನಟ್ಟಿಗೂ ಒಂದು ಸುತ್ತು ಸ್ಪ್ಯಾನರ್ ಹಾಕಿ ನೋಡಿ.